ಸಹಿಯ ಹಿಂಬದಿ

ಪತ್ರದ ನಡುವೆ ಒಂದು ತೂತು. ಆ ತೂತಿನಿಂದ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು!

ಅವಳು ಬೆಚ್ಚಿದಳು. ಪತ್ರ ಕೆಳಗಿಳಿಸಿದಳು. ಮೇಜಿನ ಆಚೆ ನಿಂತಿದ್ದವನು ಮನುಷ್ಯನೇ, ಸದ್ಯ.

"ಹೆದರಿಸಿಬಿಟ್ನಾ? ನಾನು ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು. ಹಳೇ ಪತ್ರ ಕೂಡಿಡೋ ಹುಚ್ಚು. ಈ ತೂತು ನಿಮ್ಮ ತಂದೆಯವರು ಮಾಡಿದ್ದು ಅನ್ಸುತ್ತೆ."

ಅನಿಸುವುದೇನು ಬಂತು, ಅಪ್ಪನದೇ ಕೈವಾಡ. ಹರಿದ ಕಾಗದ ಜೋಡಿಸುವುದು ಅವಳ ಕಸುಬು. ಮನೆಯ ಕತ್ತರಿಯ ಗುರುತು ತಿಳಿಯದೆ ಇರುತ್ತದೆಯೇ? ಬ್ರಿಟನ್ನಿನ ಹಳೆಯ ಮಂತ್ರಿಗಳ ಸಹಿಯೆಂದರೆ ಅಪ್ಪನಿಗೆ ಪ್ರಾಣ. ಸಹಿಯನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿ, ಉಳಿದ ಪತ್ರವನ್ನು ರದ್ದಿಗೆ ಹಾಕುತ್ತಿದ್ದ ಪುಣ್ಯಾತ್ಮ. ಹೋದ ವರ್ಷ ಅವನು ತೀರಿಕೊಂಡ. ಆಲ್ಬಮ್ ಒಳಕೋಣೆಯ ಬೀರುವಿನಲ್ಲಿತ್ತು.

ಅವಳು ಪತ್ರ ಓದಿದಳು. ನೂರಿಪ್ಪತ್ತು ವರ್ಷದ ಹಿಂದೆ ಒಬ್ಬ ಮಂತ್ರಿ ತನ್ನ ಹೆಂಡತಿಗೆ ಬರೆದದ್ದು.

'ನಿನ್ನೆ ನಾಲ್ಕು ಗಂಟೆಗೆ ನೀನು ಮತ್ತೆ ಬಂದು ನನ್ನ ಮೇಜಿನ ಪಕ್ಕ ನಿಂತೆ. ಇಲ್ಲೇ ಇರಲೇ, ಹೋಗಲೇ ಎಂದು ಕೇಳಿದೆ. ಬಾಯಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ...'

ಮುಂದೆ ತೂತು.

"ಸಹಿ ಇದ್ದದ್ದು ಹಾಳೆಯ ಆಚೆ ಮಗ್ಗುಲಲ್ಲಿ. ಉತ್ತರ ಆ ಸಹಿಯ ಹಿಂಬದೀಲಿದೆ," ಅವನ ದನಿ ತಗ್ಗಿತು. "ತಾರೀಕು ನೋಡಿ. ಅದಕ್ಕೆ ನಾಲ್ಕು ತಿಂಗಳು ಮೊದ್ಲೇ ಆ ಹೆಂಡತಿ ತೀರ್ಕೊಂಡಿದ್ರು."

ಅವಳು ತಾರೀಕಿನ ಮೇಲೆ ಬೆರಳಿಟ್ಟಳು.

"ನಗ್ಬೇಡಿ... ಈ ಪತ್ರ ತಂದಾಗಿಂದ ನಾಲ್ಕು ಗಂಟೆಗೆ ನನ್ನ ಮೇಜಿನ ಹತ್ರ ಯಾರೋ ನಿಂತಿರ್ತಾರೆ. ಕಾಣಲ್ಲ. ಸೀರೆ ಸರಿದ ಹಾಗೆ ಸದ್ದಾಗುತ್ತೆ."

ಅವಳು ನಗಲಿಲ್ಲ. ಆ ಸದ್ದು ಅವಳು ಚಿಕ್ಕಂದಿನಿಂದ ಕೇಳಿದ್ದು. ನಾಲ್ಕು ಹೊಡೆದರೆ ಅಮ್ಮ ಒಳಕೋಣೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಅಂದಿನಿಂದ ಶಾಲೆ ಬಿಟ್ಟೊಡನೆ ಅವನು ಬರತೊಡಗಿದ. ಸಹಿಯ ತುಂಡನ್ನು ಆಲ್ಬಮ್ಮಿನಿಂದ ಬಿಡಿಸುವುದು ಅವಳಿಗೆ ಒಂದು ಗಂಟೆಯ ಕೆಲಸ. ಆದರೂ, "ಗೋಂದು ಹಳೇದು, ಶಾಯಿ ಹರಡಿಬಿಡುತ್ತೆ. ನಾಳೆ ನೋಡೋಣ" ಎನ್ನುವಳು. ಅವನು ತಲೆಯಾಡಿಸಿ ಕಾಫಿ ಕುಡಿದು ಹೋಗುವನು.

'ಬಿಡಿಸಿಕೊಟ್ಟರೆ ಇವರು ಮತ್ತೆ ಯಾಕೆ ಬರುತ್ತಾರೆ?' ಅವಳಿಗೆ ತನ್ನ ಕಳ್ಳತನ ಗೊತ್ತಿತ್ತು. ಒಳಕೋಣೆಯ ಸದ್ದು ಮಾತ್ರ ದಿನದಿನಕ್ಕೆ ಹತ್ತಿರವಾಗುತ್ತಿತ್ತು. ಮೊನ್ನೆ ಬೀರುವಿನ ಬಳಿ ಇದ್ದದ್ದು, ನಿನ್ನೆ ಅವಳ ಕುರ್ಚಿಯ ಹಿಂದೆ!

ಹೀಗಿರುವಾಗ ಅಪ್ಪನ ಗೆಳೆಯ, ಹಳೆ ಪುಸ್ತಕದ ಅಂಗಡಿಯ ಮಾವ ಬಂದು ಕೂತರು.

"ಆ ಮೇಷ್ಟ್ರು ಬರ್ತಾನಂತಲ್ಲ? ನಿಮ್ಮಪ್ಪ ಇದ್ದಾಗ ಮೂರು ಸಲ ಬಂದು ಆಲ್ಬಮ್ ಕೇಳಿದ್ದ ಕಣಮ್ಮ. ನಿಮ್ಮಪ್ಪ ಬಿಲ್‌ಕುಲ್ ಆಗಲ್ಲ ಅಂದಿದ್ದ. ಈಗ ಮಗಳ ಹತ್ರ ಬೆಣ್ಣೆ ಹಚ್ಚೋಕೆ ಬಂದಿದಾನೆ."

ಅವಳ ಮುಖ ಕಪ್ಪಿಟ್ಟಿತು. ಮೂರು ಸಲ! ತನಗೆ ಒಂದು ಮಾತೂ ಹೇಳಲಿಲ್ಲ. ನಕ್ಕಿದ್ದು, ಕಾಫಿ ಚೆನ್ನಾಗಿದೆ ಎಂದದ್ದು... ಎಲ್ಲ ಆಲ್ಬಮ್ಮಿಗಾಗಿಯೇ?

ಸಂಜೆ ಬಾಗಿಲಲ್ಲೇ ನಿಲ್ಲಿಸಿದಳು. "ನಿಮಗೆ ಬೇಕಾಗಿದ್ದು ಆಲ್ಬಮ್ ತಾನೇ? ಕೊಡಲ್ಲ. ಇನ್ನು ಬರ್ಬೇಡಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಮೆಟ್ಟಿಲಿಳಿದು ಹೋದ. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ನಾಲ್ಕನೆಯ ದಿನ, ಭಾನುವಾರ ಮಧ್ಯಾಹ್ನ, ಅಮ್ಮ ಒಂದು ಲಕೋಟೆ ತಂದಳು.

"ಮೇಷ್ಟ್ರು ಕೊಟ್ರು. ಹೋಗ್ತೀನಿ ಅಂದೋರು ಹೋಗಿಲ್ಲ, ಕೆಳಗೆ ಕಂಬದ ಹಾಗೆ ನಿಂತಿದಾರೆ. ಕಾಲು ನೋಯಲ್ವೇನೋ ಪಾಪ."

ಒಳಗೆ ಆ ತೂತಿನ ಪತ್ರ. ಜೊತೆಗೆ ಒಂದು ಚೀಟಿ: 'ಪತ್ರ ನಿಮ್ಮದೇ ಆಗಲಿ, ಆಲ್ಬಮ್ ಬೇಡ. ನಾಲ್ಕಕ್ಕೆ ಬರುವ ಅವರಿಗೆ ಉತ್ತರ ಸಿಕ್ಕರೆ ಸಾಕು. ಮೊದಲ ಮೂರು ಸಲ ಸಹಿಗಾಗಿ ಬಂದಿದ್ದೆ. ಆಮೇಲೆ ಬಂದದ್ದು ಸಹಿಗಾಗಿ ಅಲ್ಲ.'

ಅವಳ ಕಣ್ಣು ತುಂಬಿತು. ಆಲ್ಬಮ್ ತೆಗೆದು, ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟು, ಉಸಿರು ಬಿಗಿಹಿಡಿದು ಅಂಚು ಎಬ್ಬಿಸಿದಳು. ಅಪ್ಪನ ಪುಟ ಹರಿಯಿತು. ಹರಿಯಲಿ. ತುಂಡು ಬಿಟ್ಟುಕೊಂಡಾಗ ನಾಲ್ಕಕ್ಕೆ ಎರಡೇ ನಿಮಿಷ.

"ಮೇಷ್ಟ್ರೇ... ಮೇಲೆ ಬನ್ನಿ!"

ಅವನು ಬಂದು ಹೊಸ್ತಿಲಲ್ಲಿ ನಿಂತ. ನಾಲ್ಕು ಹೊಡೆಯಿತು. ಅವಳ ಕುರ್ಚಿಯ ಹಿಂದೆ ಬಟ್ಟೆ ಸರಿಯಿತು, ಕತ್ತಿನ ಮೇಲೆ ತಣ್ಣನೆಯ ಉಸಿರು ತಾಗಿತು. ಅವಳು ತುಂಡನ್ನು ತಿರುವಿ ತೂತಿಗೆ ಹೊಂದಿಸಿ, ಗಟ್ಟಿಯಾಗಿ ಓದಿದಳು.

"ಹೋಗು, ನನ್ನ ಜೀವವೇ. ನಮ್ಮ ಮಗು ನಿನ್ನನ್ನೇ ನೋಡುತ್ತಾ ಊಟ ಬಿಟ್ಟಿದೆ."

ಎಲ್ಲೋ ಒಂದು ಬಿಕ್ಕು. ಆಮೇಲೆ ಆ ಸದ್ದು ಅವನ ಪಕ್ಕದಲ್ಲೇ ಹಾದು ಮೆಟ್ಟಿಲಿಳಿಯತೊಡಗಿತು, ಒಂದೊಂದಾಗಿ.

ಅವನು ಹೊಸ್ತಿಲಲ್ಲೇ ಹಿಂದಕ್ಕೆ ತಿರುಗಿದ. "ಕೆಲ್ಸ ಮುಗೀತು. ನಾನೂ ಬರ್ತೀನಿ."

"ನಿಲ್ಲಿ. ಇದನ್ನ ಮೊದಲನೇ ದಿನವೇ ಬಿಡಿಸಬಹುದಿತ್ತು."

"ಮತ್ತೆ, ಗೋಂದು..."

"ಗೋಂದಿಗೆ ಏನೂ ಆಗಿರ್ಲಿಲ್ಲ. ಕೆಲ್ಸ ಮುಗಿದ್ರೆ ನೀವು ಬರಲ್ವಲ್ಲ ಅಂತ ಸುಳ್ಳು ಹೇಳ್ದೆ. ಅವರನ್ನ ಅಷ್ಟು ದಿನ ಕಾಯಿಸ್ದೆ, ನನ್ನ ಆಸೆಗೆ."

ಕೆಳಗಿನ ಮೆಟ್ಟಿಲಲ್ಲಿ ಸದ್ದು ನಿಂತಿತು, ಯಾರೋ ಕಿವಿಗೊಟ್ಟ ಹಾಗೆ. ಬೀದಿ ಬಾಗಿಲು ತಾನಾಗಿ ತೆರೆದು, ಮೆಲ್ಲಗೆ ಮುಚ್ಚಿಕೊಂಡಿತು.

ಅವನು ಒಳಗೆ ಬಂದು ಅವಳ ಎದುರಿನ ಕುರ್ಚಿಯಲ್ಲಿ ಕೂತ.

"ಹಾಗಾದ್ರೆ ನಾಳೆ ಬರೋಕೆ ಏನು ನೆಪ ಹೇಳ್ಲಿ?"

"ನೆಪ ಯಾಕೆ? ಬನ್ನಿ."