ಮುಟ್ಟದ ಚಹಾ

ನಿಯಾಝ್‌ನ ಮನೆಯಲ್ಲಿ ನಾನು ಚಹಾ ಮುಟ್ಟಲಿಲ್ಲ. ಗಲಾಟೆ ಶುರುವಾದದ್ದು ಅಲ್ಲಿಂದ.

ಶುಕ್ರವಾರ ಜುಮಾ ನಮಾಜು ಮುಗಿಸಿ ಕುವೈತಿನ ಮಹಬೂಲಾದಲ್ಲಿದ್ದ ಅವನ ಫ್ಲ್ಯಾಟಿಗೆ ಹೋಗಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಡ್ಡಕ್ಕೆ ಅತ್ತರು. ಹೆಂಡತಿ ತೀರಿಹೋಗಿ ಎಷ್ಟೋ ವರ್ಷವಾದ, ಅರವತ್ತು ದಾಟಿದ ಗಂಡಸು ಇಷ್ಟು ಸಿಂಗಾರವಾಗಿ ಬಂದರೆ ಯಾರಿಗಾದರೂ ಅರ್ಥವಾಗಬೇಕು. ನಿಯಾಝ್‌ಗೆ ಆಗಲಿಲ್ಲ.

ಅವನ ತಂಗಿ ಸುಬೈದಾ ಗ್ಲಾಸು ತಂದಿಟ್ಟು, ಒಮ್ಮೆ ನನ್ನ ಅಂಗಿಯನ್ನೂ ಒಮ್ಮೆ ಮುಖವನ್ನೂ ನೋಡಿ ಒಳಗೆ ಹೋದಳು. ಅವಳೂ ಗಂಡನನ್ನು ಕಳೆದುಕೊಂಡವಳು. ಮುಂದಿನ ತಿಂಗಳು ಅಣ್ಣ ಅವಳನ್ನು ಊರಿಗೆ, ಉಳ್ಳಾಲಕ್ಕೆ, ಕಳಿಸುವವನಿದ್ದ. ಹೋದರೆ ಮತ್ತೆ ಬರುವವಳಲ್ಲ.

ನಾನು ಜಹ್ರಾದಲ್ಲಿ ಹಿರಿಯರೊಬ್ಬರ ದಿವಾನಿಯಾದಲ್ಲಿ, ಅಂದರೆ ಗಂಡಸರು ಸಂಜೆ ಕೂಡುವ ಚಾವಡಿಯಲ್ಲಿ, ಕಾಫಿ ಹೊಯ್ದು ಕೊಡುವವನು. ಎಷ್ಟು ಬಗೆಯ ಜನ ಅಲ್ಲಿಗೆ! ಮರುಭೂಮಿಯಲ್ಲಿ ಒಂಟೆ ಮೇಯಿಸಿದವರ ಮೊಮ್ಮಕ್ಕಳು ಸಾಕೆನಿಸಿದಾಗ ಬಟ್ಟಲನ್ನು ಮೆಲ್ಲಗೆ ಅಲುಗಿಸುತ್ತಾರೆ. ಮುತ್ತಿಗಾಗಿ ಕಡಲಿಗೆ ಧುಮುಕಿದವರ ಮೊಮ್ಮಕ್ಕಳು ಗಾಳಿಯ ಸುದ್ದಿ ಎತ್ತದೆ ಕೂರುವುದಿಲ್ಲ. ಇರಾನಿನ ಕರಾವಳಿಯಿಂದ ದೋಣಿಯಲ್ಲಿ ಬಂದ ಮನೆತನದವರಿಗೆ ಕೆಂಪು ಚಹಾವೇ ಆಗಬೇಕು. ಎಲ್ಲರೂ ಕುವೈತಿನವರೇ. ಒಬ್ಬೊಬ್ಬರ ಕೈಯ ರೀತಿಯೂ ನನಗೆ ಬಾಯಿಪಾಠ.

ಆ ಮನೆಯ ಹೆಂಗಸರಿಗೆ ಬಟ್ಟೆ ಹೊಲಿಯಲು ಸುಬೈದಾ ಬರುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಎದುರಾದರೆ, "ಬಾವಾಕ, ಕಾಫಿಯೆಲ್ಲ ಅರಬಿಗಳಿಗೇನಾ? ನಮಗೆ ಖಲಾಸಾ?" ಎಂದು ಕೆಣಕುವಳು; ಊರಿನವರಿಗೆಲ್ಲ ನಾನು ಬಾವಾಕ. ನಾನು ಬಟ್ಟಲು ನೀಡುವೆ. ಅದನ್ನು ತೆಗೆದುಕೊಳ್ಳುವಾಗ ರೆಪ್ಪೆ ಎತ್ತುವಳು, ತಕ್ಷಣ ಇಳಿಸುವಳು. ಅಷ್ಟು ಸಾಕಿತ್ತು, ನನ್ನ ವಾರವಿಡೀ ಬೆಳಗಲು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

"ಕುಡಿಯಿರಿ ಬಾವಾಕ," ಎಂದ ನಿಯಾಝ್.

ನಾನು ಗ್ಲಾಸನ್ನೇ ನೋಡುತ್ತ ಕೂತೆ. ಚಹಾದ ಮೇಲೆ ಕೆನೆ ಕಟ್ಟಿತು.

"ಎಂತ, ಶೇಖ್‌ಗಳ ಕಾಫಿ ಕುಡಿದೂ ಕುಡಿದೂ ನಮ್ಮದು ಗಂಟಲಲ್ಲಿ ಇಳಿಯುವುದಿಲ್ಲವಾ?"

ನಾನು ಕೈಗಳನ್ನು ತೊಡೆಯ ಮೇಲೆಯೇ ಇಟ್ಟುಕೊಂಡೆ.

ಅವನ ಮುಖ ಕೆಂಪಾಯಿತು. "ಮನೆಗೆ ಬಂದು ಅವಮಾನ ಮಾಡುವುದಾ? ಹಾಗಾದರೆ ಯಲ್ಲಾ, ಬಾಗಿಲು ಅಲ್ಲುಂಟು!"

ನಾನು ಎದ್ದೆ.

"ಕಾಕ!" ಎಂದು ಅಣ್ಣನನ್ನು ತಡೆಯುತ್ತ ಸುಬೈದಾ ಒಳಗಿಂದ ಬಂದಳು. "ಅವರು ಜಗಳಕ್ಕೆ ಬಂದದ್ದಲ್ಲ."

"ಮತ್ತೆಂತಕ್ಕೆ?"

"ಇಲ್ಲಿನ ಮರುಭೂಮಿ ಕಡೆಯವರು ಹೆಣ್ಣು ಕೇಳಲು ಹೋದರೆ ಬಟ್ಟಲು ಮುಟ್ಟುವುದಿಲ್ಲ. ಮನೆಯವರು ಆಯ್ತು ಅಂದ ಮೇಲೆಯೇ ಕುಡಿಯುವುದು. ಜಹ್ರಾದ ಮನೆಯ ಹುಡುಗಿಯನ್ನು ಕೇಳಲು ಬಂದ ದಿನ ನಾನು ಅಲ್ಲೇ ಇದ್ದೆ."

"ಹೆಣ್ಣಾ? ನಮ್ಮ ಮನೆಯಲ್ಲಿ ಯಾವ ಹೆಣ್ಣು ಉಂಟು?"

ಅಡುಗೆಮನೆಯಿಂದ ಅವನ ಹೆಂಡತಿ ಹಫೀಝಾ ಕೂಗಿದಳು: "ನಿಮ್ಮ ಎದುರು ನಿಂತದ್ದು ಎಂತ, ಫ್ರಿಜ್ಜಾ?"

ಸುಬೈದಾ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಕಿವಿಯವರೆಗೂ ಕೆಂಪು.

ನಿಯಾಝ್ ಕುಸಿದು ಕೂತ. "ಈ ಪ್ರಾಯದಲ್ಲಾ, ಬಾವಾಕ?"

ಆಗ ನನಗೆ ಮಾತು ಬಂತು. "ಪ್ರಾಯ ಆದದ್ದಕ್ಕೇ ನಿಯಾಝ್. ಇನ್ನು ಕಾಯಲು ಪುರುಸೊತ್ತಿಲ್ಲ."

ಅವನು ತಂಗಿಯ ಮುಖವನ್ನು ತುಂಬ ಹೊತ್ತು ನೋಡಿದ. ಅಲ್ಲಿ ಏನು ಕಂಡನೋ, ಅವನ ದನಿ ಮೆತ್ತಗಾಯಿತು. "ಆಯ್ತು ಮಾರಾಯ್ರೆ. ನನ್ನ ಒಪ್ಪಿಗೆ ಉಂಟು. ಕುಡಿಯಿರಿ."

ನಾನು ಮುಟ್ಟಲಿಲ್ಲ.

"ಇನ್ನೆಂತ?"

"ಆ ಮರುಭೂಮಿ ಕಡೆಯವರಿಗೆ ಮನೆಯ ಹಿರಿಯರು ಹೇಳಿದರೆ ಸಾಕು. ನನಗೆ ಸಾಲದು. ಸುಬೈದಾ ಹೇಳಬೇಕು."

ಅವಳು ಗ್ಲಾಸನ್ನು ಎತ್ತಿಕೊಂಡು ಒಳಗೆ ನಡೆದುಬಿಟ್ಟಳು. ಒಳಗೆ ಪಾತ್ರೆಯ ಸದ್ದು. ನಿಯಾಝ್ ಅಡುಗೆಮನೆಯ ಕಡೆ ನೋಡಿದ, ನನ್ನನ್ನು ನೋಡಲಿಲ್ಲ.

ಅವಳು ಬಂದಳು. ಕೈಯಲ್ಲಿ ಹೊಸ ಗ್ಲಾಸು, ಹಬೆಯಾಡುವ ಚಹಾ. ಮೇಜಿನ ಮೇಲೆ ಇಡಲಿಲ್ಲ, ನನ್ನತ್ತ ಚಾಚಿದಳು.

"ತಣ್ಣಗಾದದ್ದು ಕುಡಿದು ಸಂಸಾರ ಶುರು ಮಾಡುವುದಾ?" ಎಂದಳು. "ಕುಡಿಯಿರಿ. ನಾನೇ ಹೇಳುವುದು."

ಒಂದೇ ಗುಟುಕಿಗೆ ಎತ್ತಿಬಿಟ್ಟೆ. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. "ನಿಧಾನ ಬಾವಾಕ, ಅವಳು ಎಲ್ಲಿಗೂ ಓಡುವುದಿಲ್ಲ!" ಎಂದು ನಿಯಾಝ್ ಬೊಬ್ಬೆ ಹಾಕಿದ.

ಸುಬೈದಾ ನಕ್ಕಳು. ಶಾಲು ಅಡ್ಡ ಹಿಡಿಯದೆ, ಅಣ್ಣನ ಎದುರೇ, ಇಡೀ ಮನೆಗೆ ಕೇಳುವಂತೆ.