ಮೊದಲ ಸಾಲಿನ ಚಾವಣಿ

ಆ ಶನಿವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆಲ್ಮುಟ್ ಆವರ್ಬೆಕ್ ಕಿರುಚಿದ ಸದ್ದು ಮಳೆಯನ್ನು ಸೀಳಿಕೊಂಡು ಬಂತು. ನಮ್ಮ ಕ್ಯಾಂಪಿನ ಜನರೆಲ್ಲ ಹಠಾತ್ತನೆ ಸುರಿದ ಮಳೆಗೆ ಹೆದರಿ ಬ್ರೆಡ್ ಅಂಗಡಿಯ ಸೂರಿನಡಿ ಒತ್ತಿಕೊಂಡು ನಿಂತಿದ್ದರು. ಮೊದಲು ಓಡಿದವನು ನಾನು.

ಮೊದಲ ಸಾಲಿನ ಏಳನೆಯ ಜಾಗದಲ್ಲಿ, ಕಡಲಿನ ಎದುರಿಗೇ, ಆಲ್ಮುಟ್ ಅವರ ಗಂಡ ಎನ್ನೊ ಆವರ್ಬೆಕ್ ಅವರ ಹಳೆಯ ಕಿತ್ತಳೆ ಬಣ್ಣದ ಕ್ಯಾಂಪರ್ ವ್ಯಾನ್ ನಿಂತಿತ್ತು. ಮಲಗಲು ಮೇಲೆತ್ತಿ, ಹೊರಡುವಾಗ ಮಡಚುವ ಅದರ ಚಾವಣಿ ಈಗ ಪೂರ್ತಿ ಕೆಳಗೆ ಬಿದ್ದಿತ್ತು. ಎನ್ನೊ ಒಳಗೆ ನಿಂತಂತೆಯೇ ಇದ್ದರು. ಅವರ ಕತ್ತು ಚಾವಣಿಯ ಅಂಚಿಗೂ ಮೇಲಿನ ಹಾಸಿಗೆಯ ಹಲಗೆಗೂ ನಡುವೆ ಸಿಕ್ಕಿಕೊಂಡಿತ್ತು. ಒಂದು ಕೈ ಚಾವಣಿಯನ್ನು ಇಳಿಸುವ ಪಟ್ಟಿಯನ್ನು ಇನ್ನೂ ಹಿಡಿದಿತ್ತು. ನಾವು ನಾಲ್ವರು ಸೇರಿ ಚಾವಣಿ ಎತ್ತಿದಾಗ ಅವರು ಬಟ್ಟೆಯ ಗಂಟಿನಂತೆ ಕುಸಿದರು. ಆರು ಗಂಟೆಗೆ ಆಸ್ಪತ್ರೆಯಿಂದ ಸಾವಿನ ಸುದ್ದಿ ಬಂತು.

ನಾನು ಯೆಲ್ಟೊ. ಭೌತಶಾಸ್ತ್ರದ ಪದವಿ ಮುಗಿಸಿ, ಆ ಬೇಸಿಗೆಯಲ್ಲಿ ಉತ್ತರ ಸಮುದ್ರದ ದಂಡೆಯಲ್ಲಿ ರಜೆಗೆ ವ್ಯಾನು ತಂದು ತಂಗುವವರ ಈ ಕ್ಯಾಂಪಿನಲ್ಲಿ ಮೇಲ್ವಿಚಾರಕಿ ಹೈಲ್ವಿಗ್ ಬ್ರೋನ್ಸ್ ಅವರ ಸಹಾಯಕನಾಗಿದ್ದೆ. ಫ್ರಾವ್ ಬ್ರೋನ್ಸ್, ಅಂದರೆ ಶ್ರೀಮತಿ ಬ್ರೋನ್ಸ್, ವರ್ಷವಿಡೀ ಅಲ್ಲಿಯೇ ವಾಸಿಸುವವರು. ಕ್ಯಾಂಪಿನಲ್ಲಿ ಏನು ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಆದರೆ ಸಾವಿನ ಪ್ರಕರಣ ಅವರ ಬಾಗಿಲಿಗೆ ಬಂದದ್ದು ಅದೇ ಮೊದಲು.

ಎಲ್ಲರ ಬೆರಳೂ ಒಬ್ಬಳ ಕಡೆಗೇ ತಿರುಗಿತ್ತು. ಚಾವಣಿಯ ಎರಡೂ ಬದಿಗೆ, ಕಾರಿನ ಡಿಕ್ಕಿಯ ಬಾಗಿಲನ್ನು ಮೇಲೆ ಹಿಡಿಯುವಂಥ ಗ್ಯಾಸ್ ದಂಡಗಳಿರುತ್ತವೆ. ಎನ್ನೊ ಅವರ ವ್ಯಾನಿನ ದಂಡಗಳು ಸೋತುಹೋಗಿ, ಅವರು ಎರಡು ವರ್ಷದಿಂದ ಚಾವಣಿಗೆ ಕಸಬರಿಗೆಯ ಕೋಲು ಕೊಟ್ಟು ನಿಲ್ಲಿಸುತ್ತಿದ್ದರು. ಶುಕ್ರವಾರ ಹಳ್ಳಿಯ ವರ್ಕ್‌ಶಾಪಿನ ವೀಬ್ಕೆ ಹಾರ್ಮ್ಸ್ ಬಂದು ಹೊಸ ದಂಡಗಳನ್ನು ಹಾಕಿ ಹೋಗಿದ್ದಳು. ಆದರೆ ಶನಿವಾರ ಸಂಜೆ ಪೊಲೀಸ್ ಅಧಿಕಾರಿ ಥೀಲ್ ನೋಡಿದಾಗ ವ್ಯಾನಿನಲ್ಲಿದ್ದದ್ದು ಉಪ್ಪುಗಾಳಿಗೆ ತುಕ್ಕು ಹಿಡಿದ ಹಳೆಯ ದಂಡಗಳು.

ವೀಬ್ಕೆಗೆ ಇಪ್ಪತ್ತಾರು ವರ್ಷ. ಹತ್ತು ದಿನದಲ್ಲಿ, ಸ್ವಂತವಾಗಿ ವರ್ಕ್‌ಶಾಪ್ ನಡೆಸಲು ಬೇಕಾದ ಅವಳ ಮೇಸ್ತ್ರಿ ಪರೀಕ್ಷೆ. ಥೀಲ್ ಕರೆಸಿದಾಗ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿ ಬಂದಳು.

"ಕೊಲೆಗಡುಕಿ!" ಎಂದರು ಆಲ್ಮುಟ್, ಅವಳ ಮುಖಕ್ಕೇ. "ಹೊಸದು ಹಾಕಿದೀನಿ ಅಂದೆಯಲ್ಲೇ! ನಿನ್ನ ಮಾತು ನಂಬಿ ಆ ಕೋಲನ್ನ ಮುರಿದು ಒಲೆಗೆ ಹಾಕಿದರಲ್ಲೇ!"

"ಹಾಕಿದ್ದೆ, ಫ್ರಾವ್ ಆವರ್ಬೆಕ್. ಹಳೇವನ್ನ ರಟ್ಟಿನ ಡಬ್ಬಿಯಲ್ಲಿ ವ್ಯಾನ್ ಕೆಳಗೇ ಇಟ್ಟಿದ್ದೆ, ನೀವೇ ನೋಡ್ಕೊಳ್ಳಿ ಅಂತ."

ಕಳಚಿದ ಭಾಗವನ್ನು ಯಜಮಾನನ ಕಣ್ಣೆದುರು ಬಿಟ್ಟುಹೋಗುವುದು ಅವಳ ಅಪ್ಪನ ಕಾಲದಿಂದ ಆ ವರ್ಕ್‌ಶಾಪಿನ ಪದ್ಧತಿ. ಡಬ್ಬಿ ಅಲ್ಲಿಯೇ ಇತ್ತು. ಖಾಲಿಯಾಗಿತ್ತು.

"ಮೋಸ ಮಾಡಿದ್ದು ಸಾಲದು, ಕತೆ ಬೇರೆ," ಎಂದ ಫೋಲ್ಕರ್ ಎಗರ್ಸ್. ಎನ್ನೊ ಅವರ ಇಸ್ಪೀಟು ಜೊತೆಗಾರ, ಟ್ರ್ಯಾಕ್ಟರ್ ರಿಪೇರಿಯಲ್ಲಿ ನಲವತ್ತು ವರ್ಷ ಕಳೆದವನು. ಈ ಕೆಲಸ ತನಗೆ ಕೊಡಲಿಲ್ಲವೆಂದು ಅವನಿಗೆ ಉರಿಯಿತ್ತು. "ಶುಕ್ರವಾರವೇ ಹೇಳ್ದೆ. ಆ ಹುಡುಗಿ ಕೆಲಸ ಒಂದು ವಾರ ನಿಂತರೆ ನಾನು ಮೀಸೆ ಬೋಳಿಸ್ತೀನಿ ಅಂತ."

"ಬಾಯಿ ಮುಚ್ಚಿ, ಫೋಲ್ಕರ್," ಎಂದರು ರೈನ್‌ಹಾರ್ಟ್ ಕ್ನೋಪ್ ಮೆಲ್ಲಗೆ. ಅವರು ಕ್ಯಾಂಪಿಗರ ಸಂಘದ ಕಾರ್ಯದರ್ಶಿ, ಎರಡನೆಯ ಸಾಲಿನಲ್ಲಿ ಎನ್ನೊ ಅವರ ಹಿಂದಿನ ಜಾಗದವರು. ಅವರ ಮುಖ ಸುಣ್ಣದಂತಾಗಿತ್ತು. "ಸಾವಿನ ಮನೆಯಲ್ಲಿ ಇದೆಲ್ಲ ಬೇಡ."

ಮರುದಿನ ಹತ್ತು ಗಂಟೆಗೆ ವೀಬ್ಕೆಯನ್ನು ಠಾಣೆಗೆ ಕರೆದೊಯ್ಯುವುದಾಗಿ ಥೀಲ್ ಹೇಳಿದರು. ನಿರ್ಲಕ್ಷ್ಯದಿಂದ ಸಾವು. ಜೈಲು ತಪ್ಪಿದರೂ ಅವಳು ಮತ್ತೆಂದೂ ಸ್ಪ್ಯಾನರ್ ಹಿಡಿಯುವಂತಿರಲಿಲ್ಲ.

ಜನ ಚದುರಿದ ಮೇಲೆ ಫ್ರಾವ್ ಬ್ರೋನ್ಸ್ ನನ್ನನ್ನು ವ್ಯಾನಿನೊಳಗೆ ಕರೆದರು.

"ಏನು ಕಾಣ್ತದೆ ಹೇಳು. ಏನು ಅನ್ನಿಸ್ತದೆ ಅಂತ ಬೇಡ."

ಕಂಡದ್ದನ್ನು ಕ್ರಮವಾಗಿ ಹೇಳಿದೆ. ದಂಡಗಳ ದಪ್ಪ ಕಪ್ಪು ಕೊಳವೆ ಕೆಳಗಿದೆ, ತೆಳ್ಳನೆಯ ಹೊಳೆಯುವ ಸರಳು ಮೇಲಿದೆ. ನಾಲ್ಕೂ ಬೋಲ್ಟುಗಳ ತಲೆಯ ಮೇಲೆ ಹಳದಿ ಬಣ್ಣದ ಸಣ್ಣ ಗೆರೆಯಿದೆ. ಪಕ್ಕದ ಕಬ್ಬಿಣದ ಪಟ್ಟಿಯ ಮೇಲೂ ಅಂಥದೇ ಗೆರೆಯಿದೆ. ಆದರೆ ಎರಡೂ ಒಂದನ್ನೊಂದು ಕೂಡುವುದಿಲ್ಲ. ಒಂದು ಕಡೆ ಬೋಲ್ಟಿನ ಗೆರೆ ಗಡಿಯಾರದ ಎರಡರತ್ತ ನೋಡಿದರೆ, ಪಟ್ಟಿಯ ಗೆರೆ ಐದರ ಬಳಿಯಿದೆ.

"ಸರಿ," ಎಂದು ಅವರು ಇಳಿದು, ನೇರವಾಗಿ ಫೋಲ್ಕರನ ವ್ಯಾನಿಗೆ ಹೋಗಿ ಅವನ ಚಾವಣಿಯ ದಂಡಗಳನ್ನು ನೋಡಿದರು. ಅಲ್ಲಿ ಕೊಳವೆ ಮೇಲೆ, ಸರಳು ಕೆಳಗೆ ಇತ್ತು.

"ಏನು ನೋಡ್ತಿದೀರಿ ನನ್ನ ಮನೇಲಿ?" ಎಂದು ಅವನು ಗುರುಗುಟ್ಟಿದ.

"ನಿನ್ನ ಮೀಸೆ ಉಳೀತದೋ ಇಲ್ಲವೋ ಅಂತ," ಎಂದರು ಅವರು.

ಅಲ್ಲಿಂದ ಕಸದ ಅಂಗಳಕ್ಕೆ ನಡೆದರು. ಅಲ್ಲಿ ಕಾಗದಕ್ಕೆ, ಬಣ್ಣಬಣ್ಣದ ಗಾಜಿಗೆ, ಕಬ್ಬಿಣಕ್ಕೆ ಬೇರೆ ಬೇರೆ ತೊಟ್ಟಿಗಳಿವೆ. ಫ್ರಾವ್ ಬ್ರೋನ್ಸ್ ಕಬ್ಬಿಣದ ತೊಟ್ಟಿಯಲ್ಲಿ ಕೈಯಾಡಿಸಿದರು, ಇಲ್ಲ. ಮಿಶ್ರ ಕಸದಲ್ಲಿಯೂ ಇಲ್ಲ. ಕೊನೆಗೆ ಒಲೆಯ ಗ್ಯಾಸ್ ಡಬ್ಬಿ, ಸ್ಪ್ರೇ ಡಬ್ಬಿಗಳಿಗೆಂದು ಇರುವ ಕೆಂಪು ಪೆಟ್ಟಿಗೆಯ ಮುಚ್ಚಳ ತೆಗೆದರು. ತಳದಲ್ಲಿ ಅಡುಗೆಮನೆಯ ಟವೆಲಿನಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಒಂದು ಗಂಟಿತ್ತು. ಬಿಚ್ಚಿದರೆ, ಚೀಟಿಯೂ ಮಾಸದ ಎರಡು ಹೊಸ ದಂಡಗಳು.

ಫ್ರಾವ್ ಬ್ರೋನ್ಸ್ ಕೇಳಿದರು: "ಈ ಪೆಟ್ಟಿಗೆ ಕೊನೆಗೆ ಯಾವಾಗ ನೋಡಿದ್ದೆ?"

"ಮಧ್ಯಾಹ್ನ ಒಂದಕ್ಕೆ, ಅಂಗಳಕ್ಕೆ ಬೀಗ ಹಾಕುವಾಗ. ಖಾಲಿ ಇತ್ತು. ಮೂರಕ್ಕೆ ನಿಮ್ಮ ಕೀಲಿ ತಂದು ಬೀಗ ತೆಗೆದೆ. ಆಮೇಲೆ ಮಳೆ ಬರೋವರೆಗೂ ಇಲ್ಲೇ ಬೇಲಿಗೆ ಬಣ್ಣ ಹಚ್ಚುತ್ತಿದ್ದೆ. ಯಾರೂ ಗಂಟು ತಂದಿಲ್ಲ. ಮಳೆ ಬಂದ ಮೇಲೆ ಎಲ್ಲರೂ ಅಂಗಡಿಯ ಸೂರಿನಡಿ ಇದ್ದರು. ಅಲ್ಲಿಂದ ಈಗ ಚದುರುವವರೆಗೂ ಏಳನೆಯ ಜಾಗದಲ್ಲೇ ಇದ್ದರು."

ಅವರು ಗಂಟನ್ನು ಮೊದಲಿದ್ದಂತೆಯೇ ಸುತ್ತಿ, ಮನೆಗೆ ಬಂದು ಕಲ್ಲುಸಕ್ಕರೆಯ ಮೇಲೆ ಚಹಾ ಸುರಿದರು. ಕೆನೆ ಹಾಕುವುದನ್ನು ಮರೆತರು.

ಭಾನುವಾರ ಒಂಬತ್ತು ಗಂಟೆಗೆ ಬ್ರೆಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಲ್ಮುಟ್, ವೀಬ್ಕೆ, ಫೋಲ್ಕರ್, ಕ್ನೋಪ್ ಮತ್ತು ಅಧಿಕಾರಿ ಥೀಲ್ ಕುಳಿತಿದ್ದರು. ಫ್ರಾವ್ ಬ್ರೋನ್ಸ್ ಮೇಜಿನ ಮೇಲೆ ಟವೆಲಿನ ಗಂಟನ್ನಿಟ್ಟು ಬಿಚ್ಚಿದರು.

"ವೀಬ್ಕೆ, ಬೋಲ್ಟ್ ಬಿಗಿಮಾಡಿದ ಮೇಲೆ ಏನು ಮಾಡ್ತೀಯಮ್ಮ?"

"ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೀತೀನಿ. ಬೋಲ್ಟಿನಿಂದ ಪಟ್ಟಿಯವರೆಗೆ, ಒಂದೇ ಗೆರೆ. ಬೋಲ್ಟ್ ಸಡಿಲವಾದರೆ ಗೆರೆ ಮುರಿದು ಗೊತ್ತಾಗ್ತದೆ."

"ನಾಲ್ಕು ಗೆರೆಯೂ ಮುರಿದಿದೆ. ಅಂದರೆ ಈ ಹುಡುಗಿ ಕೆಲಸ ಮುಗಿಸಿ ಹೋದ ಮೇಲೆ ಯಾರೋ ನಾಲ್ಕನ್ನೂ ಬಿಚ್ಚಿ, ಹೊಸ ದಂಡ ತೆಗೆದು, ಡಬ್ಬಿಯಲ್ಲಿದ್ದ ಹಳೇದನ್ನ ಹಾಕಿದಾರೆ. ಯಾವಾಗ? ಶನಿವಾರ ಎನ್ನೊ, ಆಲ್ಮುಟ್ ಇಬ್ಬರೂ ಊಟಕ್ಕೆ ತಂಗಿ ಮನೆಗೆ ಹೋಗಿದ್ದರು. ಒಂದರಿಂದ ಮೂರು, ನಮ್ಮ ಮಧ್ಯಾಹ್ನದ ಮೌನ. ಕಾರು ಓಡಿಸೋ ಹಾಗಿಲ್ಲ, ಸುತ್ತಿಗೆ ಬಡಿಯೋ ಹಾಗಿಲ್ಲ. ಎಲ್ಲರೂ ಪರದೆ ಎಳಕೊಂಡು ಮಲಗಿರ್ತಾರೆ, ಇಲ್ಲಿ ಯಾರೂ ವ್ಯಾನಿಗೆ ಬೀಗವನ್ನೂ ಹಾಕಲ್ಲ."

"ಹಾಗಾದರೆ ಚಾವಣಿ ಆಗಲೇ ಯಾಕೆ ಬೀಳಲಿಲ್ಲ?" ಎಂದು ಥೀಲ್ ಕೇಳಿದರು.

ಫ್ರಾವ್ ಬ್ರೋನ್ಸ್ ನನ್ನತ್ತ ನೋಡಿದರು. ನಾನು ಹೇಳಿದೆ: "ಬಿಸಿಲಿಗೆ ದಂಡದೊಳಗಿನ ಅನಿಲದ ಒತ್ತಡ ಏರುತ್ತದೆ, ಸರ್. ಮೂವತ್ತನಾಲ್ಕು ಡಿಗ್ರಿ ಇತ್ತು. ಸೋತ ದಂಡವೂ ಹೇಗೋ ಹಿಡಿದುಕೊಂಡಿತ್ತು. ಮಳೆ ಬಂದು ತಣ್ಣಗಾದಾಗ ಒತ್ತಡ ಇಳಿಯಿತು. ಆಗಲೇ ಅವರು ಮುಚ್ಚಲೆಂದು ಪಟ್ಟಿ ಎಳೆದರು. ಹೊಸ ದಂಡವಾಗಿದ್ದರೆ ಎಳೆತಕ್ಕೆ ಎದುರು ನಿಂತು ನಿಧಾನವಾಗಿ ಇಳಿಯುತ್ತಿತ್ತು."

"ಆದ್ದರಿಂದ ನಾಲ್ಕೂ ಹತ್ತಕ್ಕೆ ಯಾರು ಎಲ್ಲಿದ್ದರು ಅನ್ನೋದು ಲೆಕ್ಕಕ್ಕಿಲ್ಲ," ಎಂದರು ಫ್ರಾವ್ ಬ್ರೋನ್ಸ್. "ಮಧ್ಯಾಹ್ನ ಯಾರು ಎದ್ದಿದ್ದರು ಅನ್ನೋದು ಮುಖ್ಯ."

ಫೋಲ್ಕರ್ ಎದ್ದು ನಿಂತ. "ನನ್ನನ್ಯಾಕೆ ನೋಡ್ತೀರಿ? ಹೊಟ್ಟೆಕಿಚ್ಚು ಇತ್ತು, ಒಪ್ಪಿದೆ. ಹಾಗಂತ ಎನ್ನೊನ ಕೊಲ್ತೀನಾ?"

"ಕೂತ್ಕೋ ಮಾರಾಯ. ದಂಡವನ್ನ ಸರಳು ಕೆಳಗೆ ಮಾಡಿ ಹಾಕಬೇಕು, ಒಳಗಿನ ಎಣ್ಣೆ ರಬ್ಬರ್ ಸೀಲಿನ ಮೇಲೆ ನಿಲ್ಲಬೇಕು. ನೀನು ನಿದ್ದೆಗಣ್ಣಲ್ಲೂ ಹಾಗೇ ಹಾಕ್ತೀಯ, ವೀಬ್ಕೆಯೂ ಹಾಗೇ. ಇದನ್ನ ಹಾಕಿದವರು ತಲೆಕೆಳಗು ಹಾಕಿದಾರೆ. ಕಸುಬು ಗೊತ್ತಿಲ್ಲದವರ ಕೈ. ಇನ್ನೊಂದು, ನೀನಾಗಿದ್ದರೆ ಇವೆರಡನ್ನೂ ಕಬ್ಬಿಣದ ತೊಟ್ಟಿಗೆ ಎಸೀತಿದ್ದೆ. ಗ್ಯಾಸ್ ಡಬ್ಬಿ ಅಲ್ಲಿ ಹಾಕಬೇಡ ಅಂತ ಈ ವರ್ಷ ಮೂರು ಸಲ ಬೈಸಿಕೊಂಡಿದೀಯ."

ಫೋಲ್ಕರ್ ಕುಳಿತ.

"ಇದನ್ನ ತಂದವರು ಒಳಗೆ ಒತ್ತಡ ಇದೆ ಅಂತ ಯೋಚಿಸಿ, ಸರಿಯಾದ ಪೆಟ್ಟಿಗೆ ಹುಡುಕಿ ಹಾಕಿದಾರೆ. ಮೌನದ ಹೊತ್ತಲ್ಲಿ ಠಣ್ ಅನ್ನಬಾರದು ಅಂತ ಟವೆಲ್ ಸುತ್ತಿದಾರೆ. ಒಂದಕ್ಕೆ ಯೆಲ್ಟೊ ಅಂಗಳಕ್ಕೆ ಬೀಗ ಹಾಕಿದಾಗ ಪೆಟ್ಟಿಗೆ ಖಾಲಿ. ಮೂರರ ಮೇಲೆ ಯಾರೂ ತಂದಿಲ್ಲ. ನಡುವೆ ಆ ಬೀಗ ತೆಗೆಯೋ ಕೀಲಿ ಇರೋದು ಎರಡು. ಒಂದು ನನ್ನ ಕೊರಳಲ್ಲಿದೆ, ನಾನು ಯೆಲ್ಟೊ ಜೊತೆ ಸಿಗಡಿ ಸುಲೀತಾ ಕೂತಿದ್ದೆ. ಇನ್ನೊಂದು..." ಅವರು ತಿರುಗಿದರು. "ಹೆರ್ ಕ್ನೋಪ್, ಸಂಘದ ಕಾರ್ಯದರ್ಶಿಯ ಹತ್ತಿರ."

ಆಲ್ಮುಟ್ ಕ್ನೋಪ್ ಅವರನ್ನು ಗುರುತೇ ಸಿಗದವರಂತೆ ನೋಡಿದರು.

"ಇವತ್ತು ಮಧ್ಯಾಹ್ನ ವಾಹನಗಳ ತಪಾಸಣೆ," ಎಂದು ಫ್ರಾವ್ ಬ್ರೋನ್ಸ್ ಮೆಲ್ಲಗೆ ಮುಂದುವರಿಸಿದರು. "ಚಾವಣಿ ಸರಿಯಿಲ್ಲ ಅಂತ ಎನ್ನೊಗೆ ಹೋದ ವರ್ಷ ಎಚ್ಚರಿಕೆ ಕೊಟ್ಟಾಗಿತ್ತು. ಎರಡನೇ ಸಲವೂ ತಪ್ಪಿದರೆ ಮೊದಲ ಸಾಲಿನ ಜಾಗ ಬಿಡಬೇಕು. ಕಾಯೋರ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದು. ಎಷ್ಟು ವರ್ಷ ಆಯ್ತು?"

"ಹತ್ತೊಂಬತ್ತು," ಎಂದರು ಕ್ನೋಪ್. ದನಿ ಸಾಮಾನ್ಯವಾಗಿಯೇ ಇತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. "ಹತ್ತೊಂಬತ್ತು ವರ್ಷ ಅವನ ವ್ಯಾನಿನ ಬೆನ್ನು ನೋಡಿದೀನಿ. ಸಮುದ್ರದ ಸದ್ದು ಕೇಳ್ತದೆ, ನೀರು ಕಾಣಲ್ಲ. ತಪಾಸಣೆ ಹೊತ್ತಿಗೆ ಚಾವಣಿ ಜಗ್ಗಲಿ ಅಂತ ಇದ್ದೆ, ಅಷ್ಟೇ. ಜಗ್ಗಿದರೆ ಮತ್ತೆ ಕೋಲು ಕೊಡ್ತಾನೆ ಅಂದ್ಕೊಂಡೆ. ಯಾವಾಗಲೂ ಕೊಡ್ತಿದ್ದ."

"ಆ ದಂಡಗಳನ್ನ ಸಮುದ್ರಕ್ಕೆ ಎಸೆದಿದ್ದರೆ ಯಾರಿಗೂ ಸಿಗ್ತಿರಲಿಲ್ಲ," ಎಂದರು ಥೀಲ್, ತಮಗೇ ಹೇಳಿಕೊಳ್ಳುವಂತೆ.

ಕ್ನೋಪ್ ನಿಜವಾಗಿ ನೊಂದವರಂತೆ ತಲೆಯೆತ್ತಿದರು. "ಸಮುದ್ರಕ್ಕಾ? ಸೀಲ್ ಪ್ರಾಣಿಗಳು ಮರಿ ಹಾಕೋ ಜಾಗಕ್ಕೆ? ಬೇರೆ ತೊಟ್ಟಿಗೂ ಹಾಕೋ ಹಾಗಿಲ್ಲ. ಕಸದ ಲಾರೀಲಿ ಒತ್ತುವಾಗ ಸಿಡಿದರೆ? ಯಾರಿಗಾದರೂ ಪೆಟ್ಟಾಗ್ತದೆ."

ಫೋಲ್ಕರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಥೀಲ್ ಎದ್ದು ಕ್ನೋಪ್ ಅವರ ತೋಳು ಹಿಡಿದರು. ಕ್ನೋಪ್ ತಮ್ಮ ಕುರ್ಚಿಯನ್ನು ಮೇಜಿನಡಿಗೆ ಸದ್ದಿಲ್ಲದೆ ಸರಿಸಿ, ಹೊರಟರು.

ವೀಬ್ಕೆ ಅಳಲಿಲ್ಲ. "ನಾನು ಹೋಗಬಹುದಾ?" ಎಂದು ಯಾರನ್ನೂ ನೋಡದೆ ಕೇಳಿ ಹೊರಟುಹೋದಳು. ಆ ವಾರವೆಲ್ಲ ವರ್ಕ್‌ಶಾಪಿನ ಬಾಗಿಲು ತೆರೆಯಲಿಲ್ಲ. ಪರೀಕ್ಷೆಗೆ ಹೋಗುವುದಿಲ್ಲವೆಂದಳಂತೆ. ಬೋಲ್ಟ್ ಮುಟ್ಟಿದರೆ ಎನ್ನೊ ಕಣ್ಣಿಗೆ ಬರುತ್ತಾರಂತೆ.

ಅಂತ್ಯಕ್ರಿಯೆ ಮುಗಿದ ಮರುದಿನ ಆಲ್ಮುಟ್ ತಾವೇ ಸೈಕಲ್ ತುಳಿದು ಹಳ್ಳಿಗೆ ಹೋಗಿ ಅವಳನ್ನು ಕರೆತಂದರು. ವೀಬ್ಕೆಯ ಕೈಯಲ್ಲಿ ಇನ್ನೊಂದು ಜೊತೆ ದಂಡಗಳಿದ್ದವು. ಫ್ರಾವ್ ಬ್ರೋನ್ಸ್ ಮತ್ತು ನಾನು ದೂರದಲ್ಲಿ ನಿಂತೆವು.

ಅವಳು ಒಂದು ಗಂಟೆ ಕೆಲಸ ಮಾಡಿದಳು. ಸ್ಪ್ಯಾನರ್ ಎರಡು ಸಲ ಕೈಜಾರಿತು. ಎಲ್ಲ ಬಿಗಿಯಾದ ಮೇಲೆಯೂ ಅವಳು ಹೊರಗಿನ ಏಣಿಯ ಮೇಲೆ ನಿಂತು, ಎರಡೂ ಅಂಗೈಗಳಿಂದ ಚಾವಣಿಯನ್ನು ಹಿಡಿದೇ ಇದ್ದಳು.

ಆಲ್ಮುಟ್ ವ್ಯಾನಿನೊಳಗೆ ಹತ್ತಿದರು. ಗಂಡ ನಿಂತಿದ್ದಲ್ಲಿಯೇ ನಿಂತು, ಹಲಗೆಯ ಮೇಲಕ್ಕೆ ಕತ್ತು ಚಾಚಿದರು.

"ಬೇಡ, ಫ್ರಾವ್ ಆವರ್ಬೆಕ್! ದಯವಿಟ್ಟು ಇಳೀರಿ!"

"ಕೈ ಬಿಡು, ಮಗಳೇ."

ವೀಬ್ಕೆ ಅವರ ಮುಖವನ್ನೇ ನೋಡಿದಳು. ಆಮೇಲೆ ಒಂದೊಂದೇ ಬೆರಳು ಸಡಿಲಿಸಿ, ಎರಡೂ ಕೈ ಬಿಟ್ಟಳು.