ಅಣ್ಣನ ರೂಮಿನ ಫ್ಯಾನ್ ಸದ್ದು

"ಈಗ ಸ್ಕ್ರೀನ್ ಮೇಲೆ ಏನು ಕಾಣ್ತಿದೆ, ಪುಟ್ಟಿ?"

"ಪಟ್ಟೆ. ಬರೀ ನೇರಳೆ ಪಟ್ಟೆ, ಅಣ್ಣ."

ಪೇಶಾನ್‌ಳ ದನಿ ನಡುಗುತ್ತಿತ್ತು. ಅಣ್ಣ ಯೆನ್‌ಹಾವ್ ಸೈನ್ಯದ ಸೇವೆಗೆಂದು ತೈಪೇ ಬಿಟ್ಟು ಕಿನ್‌ಮೆನ್ ದ್ವೀಪಕ್ಕೆ ಹೋಗಿ ಮೂರು ತಿಂಗಳಾಗಿತ್ತು. ಭಾನುವಾರ ಮಧ್ಯಾಹ್ನ ಅವನ ಫೋನು ಬರುತ್ತಿತ್ತು, ಅರ್ಧ ಗಂಟೆ. ವಾರವಿಡೀ ಕಾದಿದ್ದ ಆ ಅರ್ಧ ಗಂಟೆ ಇವತ್ತು ಹೀಗೆ ಹಾಳಾಗುತ್ತಿತ್ತು.

ಕೆಟ್ಟದ್ದು ಅವನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು, ಸ್ಕ್ರೀನಿಗೆ ಚಿತ್ರ ಕಳಿಸುವ ಭಾಗ. ಎರಡು ಬೇಸಿಗೆ ಐಸ್ ಅಂಗಡಿಯಲ್ಲಿ ಬಟ್ಟಲು ತೊಳೆದ ದುಡ್ಡಲ್ಲಿ ಅವನು ಕೊಂಡದ್ದು.

"ಅಳಬೇಡ. ಕಾರ್ಡಿಂದ ಕೇಬಲ್ ತೆಗ್ದು, ಮೇಲಿನ ಕಿಂಡಿಗೆ ಹಾಕು. ಅದು ಮದರ್‌ಬೋರ್ಡಿಂದು."

ಪಟ್ಟೆಗಳು ಮಾಯವಾದವು. "ಬಂತು! ಸರಿಯಾಗಿ ಬಂತು!"

"ಹಾಗಾದ್ರೆ ಕೆಟ್ಟಿರೋದು ಕಾರ್ಡೇ. ಓವರ್‌ಕ್ಲಾಕ್ ಮಾಡಿದ್ಯಾ?"

"ಹ್ಞೂಂ. ನೀನು ಸ್ಪೀಡ್ ಜಾಸ್ತಿ ಮಾಡೋದು ನೋಡಿದ್ನಲ್ಲ."

"ಸ್ಪೀಡ್ ಎಲ್ಲೀತನಕ ಏರಿಸ್ದೆ?"

"ಕೊನೇತನಕ."

"ಅಯ್ಯೋ ಕತ್ತೆ! ನಾನೇ ಅರ್ಧ ದಾಟಿಲ್ಲ. ಪೆಟ್ಟಿಗೆ ಮೇಲೆ ಏನಾದ್ರೂ ಇಟ್ಟಿದ್ಯಾ?"

"ಹಸಿರು ಪೊಟ್ಟಣ."

ಯಂತ್ರ ಹಟ ಮಾಡದಿರಲೆಂದು ಅದರ ಮೇಲೆ ಕುರುಕಲು ತಿಂಡಿಯ ಹಸಿರು ಪೊಟ್ಟಣ ಇಡುವುದು ತೈಪೇಯಲ್ಲಿ ಎಲ್ಲರ ರೂಢಿ. ಅಪ್ಪನ ಆಫೀಸಿನ ಕಂಪ್ಯೂಟರುಗಳ ಮೇಲೂ ಇವೆ.

"ಎಷ್ಟು ಪೊಟ್ಟಣ?"

"ಆರು. ಜಾಸ್ತಿ ಕೆಲಸ ಕೊಡ್ತಿದ್ದೀನಲ್ಲ ಅಂತ..."

"ಗಾಳಿ ಹೋಗೋ ತೂತಿನ ಮೇಲೆ?"

ಪೇಶಾನ್ ಪೊಟ್ಟಣಗಳನ್ನು ಸರಸರ ಕೆಳಗಿಳಿಸಿದಳು. ಫೋನಿನಲ್ಲಿ ಅಣ್ಣ ಜೋರಾಗಿ ನಕ್ಕ. "ಒಂದಿಟ್ರೆ ಮಾತು ಕೇಳುತ್ತೆ. ಆರಿಟ್ರೆ ಉಸಿರು ಕಟ್ಟುತ್ತೆ ಕಣೇ!"

ಅವನು ಹೇಳಿದಂತೆ ಪ್ಲಗ್ ಕಿತ್ತು, ಕಾರ್ಡನ್ನು ಹೊರತೆಗೆದಳು. ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿದಳು. ತಿರುಗಿ ಕೂರಿಸಿ, ಕೇಬಲ್ ಅದಕ್ಕೇ ಹಾಕಿ, ಸ್ವಿಚ್ ಒತ್ತಿದಳು.

ಮತ್ತೆ ನೇರಳೆ ಪಟ್ಟೆ.

"ಹೋಯ್ತು ಅನ್ಸುತ್ತೆ," ಎಂದ ಅಣ್ಣ. "ಅಷ್ಟಕ್ಕೂ ಯಾವ ಗೇಮ್ ಆಡ್ತಿದ್ದೆ?"

"ಆಡ್ತಿರ್ಲಿಲ್ಲ. ಸುಮ್ನೆ ಹಾಕಿಟ್ಟು ನನ್ನ ರೂಮಿಗೆ ಹೋಗಿದ್ದೆ."

"ಮತ್ತೆ?"

"ಫ್ಯಾನ್ ಸದ್ದು ಬೇಕಿತ್ತು. ಸ್ಪೀಡ್ ಏರಿಸಿದ್ರೆ ತಾನೇ ಅದು ಜೋರಾಗಿ ತಿರುಗೋದು. ನೀನಿದ್ದಾಗ ಗುಂಯ್ ಅಂತ ಬರ್ತಿತ್ತಲ್ಲ, ಅದು. ಮನೆ ತುಂಬಾ ಸೈಲೆಂಟ್ ಆಗಿದೆ, ಅಣ್ಣ."



"ಗೋಡೆ ಆಚೆ ನಿನ್ನ ರೂಮಿಗೆ ಕೇಳಿಸ್ತಾ?"

"ಕೇಳಿಸ್ತು. ನೀನಿದ್ದ ಹಾಗೇ ಇತ್ತು. ಆಮೇಲೆ ನಿಂತೋಯ್ತು."

"ಆಗೆಲ್ಲ ನೀನು ಗೋಡೆ ಗುದ್ತಿದ್ದೆ, ಸದ್ದು ಕಡಿಮೆ ಮಾಡೋ ಅಂತ." ಎಂದ ಅಣ್ಣ. "ಇಲ್ಲೂ ನನ್ನ ಮಂಚ ಗೋಡೆ ಪಕ್ಕಾನೇ ಇದೆ. ಯಾರೂ ಗುದ್ದಲ್ಲ."

ಅವನ ಕಡೆ ಯಾರೋ ಸೀಟಿ ಊದಿದರು. ಫೋನು ಕಟ್ಟಾಯಿತು.

ಪೇಶಾನ್ ಅವನ ಕುರ್ಚಿಯಲ್ಲೇ ಕುಳಿತಿದ್ದಳು. ಅಣ್ಣನಿಗೆ ಅಲ್ಲಿ ಸಮುದ್ರವಿದೆ, ಗೆಳೆಯರಿದ್ದಾರೆ, ಹೊತ್ತು ಹೋಗುತ್ತದೆ ಎಂದೇ ಅಂದುಕೊಂಡಿದ್ದಳು. ದೀಪ ಆರಿದ ಮೇಲೆ ಅವನೂ ಗೋಡೆಗೆ ಕಿವಿಗೊಟ್ಟು ಮಲಗಿರುತ್ತಾನೆ ಎಂದು ಅವಳಿಗೆ ಇಲ್ಲಿಯವರೆಗೆ ಹೊಳೆದೇ ಇರಲಿಲ್ಲ.